ಹಿಮದೂರಿನ ಮರಸೇಬು

ಮಗಳ ಬಾಣಂತನಕ್ಕೆಂದು ಹೊರಟವಳು ನಾನು. ಹಿಂದಿರುಗಿ ಬಂದು ಹಣ್ಣಿನ ಗಿಡಗಳ ವಿಷಯ ಬರೆಯುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಮದುವೆಯಾಗಿ ಇಪ್ಪತ್ತೇಳು ವರ್ಷ. ಅಷ್ಟೂ ವರ್ಷ ಕಂಡದ್ದು ಅಡಿಗೆಮನೆ, ಕೊಟ್ಟಿಗೆ ಮತ್ತು ಮನೆಯ ಕೆಳಗಿನ ಅಡಿಕೆ ತೋಟ. ಸಾಗರ ಬಿಟ್ಟು ಬೆಂಗಳೂರಿಗೆ ಹೋಗುವುದೇ ನಮಗೆ ದೊಡ್ಡ ಪ್ರಯಾಣ. ಅಂಥವಳು 2024ರ ಮಾರ್ಚ್ ಮೊದಲ ವಾರ ದೆಹಲಿಯಲ್ಲೊಂದು, ಟೊರಾಂಟೊದಲ್ಲೊಂದು ವಿಮಾನ ಬದಲಿಸಿ, ಕೆನಡಾ ದೇಶದ ನಟ್ಟನಡುವಿನ ಬಯಲುಸೀಮೆಯಲ್ಲಿರುವ ಸಸ್ಕಟೂನ್ ಎಂಬ ಊರಿನಲ್ಲಿ ಇಳಿದೆ ಎಂದರೆ ನನಗೇ ಈಗಲೂ ನಂಬಿಕೆ ಬರುವುದಿಲ್ಲ.

ಹೊರಡುವ ಹಿಂದಿನ ರಾತ್ರಿ ನಮ್ಮ ಯಜಮಾನರು ಜಗಲಿಯಲ್ಲಿ ಕವಳ ಹಾಕುತ್ತಾ ಒಂದು ಮಾತು ಹೇಳಿದ್ದರು. “ಬಾಣಂತನ ಮುಗಿಸಿ ಸುಮ್ಮನೆ ಬರಬೇಡ. ಅವರು ವಾಪಸು ಬರ್ತಾರೋ ಇಲ್ಲವೋ, ಒಂದು ಮಾತು ತಗೊಂಡು ಬಾ.” ನಮಗಿರುವುದು ಅವಳೊಬ್ಬಳೇ. ಎರಡೂವರೆ ಎಕರೆ ತೋಟ. ಎಲೆಚುಕ್ಕಿ ರೋಗ ಬಂದಮೇಲೆ ಸೋಗೆಗಳೆಲ್ಲ ಬೆಂಕಿ ತಾಗಿದ ಹಾಗೆ ಒಣಗುತ್ತಿವೆ. ಯಜಮಾನರಿಗೆ ಮೊಣಕಾಲು ನೋವು, ದಿಬ್ಬ ಹತ್ತಿ ಇಳಿಯುವುದು ಕಷ್ಟ. ಹಾಗಾಗಿ ನನ್ನ ಪೆಟ್ಟಿಗೆಯಲ್ಲಿ ಬಾಣಂತಿ ಪುಡಿ, ಮಿಡಿ ಉಪ್ಪಿನಕಾಯಿ, ಸಾಂಬ್ರಾಣಿ ಇದ್ದರೆ, ಮನಸ್ಸಿನಲ್ಲಿ ಈ ಒಂದು ಮಾತಿನ ಭಾರವೂ ಇತ್ತು.

ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಟ್ಟಾಗ ಸೊನ್ನೆಗಿಂತ 26 ಡಿಗ್ರಿ ಕೆಳಗೆ. ಒಂದು ಉಸಿರು ಎಳೆದುಕೊಂಡೆ ನೋಡಿ, ಮೂಗಿನೊಳಗೆ ಸೂಜಿ ಚುಚ್ಚಿದ ಹಾಗಾಯಿತು. ಅಳಿಯ ನಕ್ಕು, “ಅತ್ತೆ, ಇದು ಚಳಿಯೇ ಅಲ್ಲ. ಜನವರಿಯಲ್ಲಿ ಮೈನಸ್ ನಲವತ್ತರ ಹತ್ತಿರ ಹೋಗಿತ್ತು. ಕಾರಿನಲ್ಲಿ ಮರೆತ ನೀರಿನ ಬಾಟಲಿ ಒಡೆದೇ ಹೋಯ್ತು” ಅಂದರು. ಆ ಊರಿನ ದಾಖಲೆಯ ಚಳಿ ಮೈನಸ್ 50 ಡಿಗ್ರಿ, 1893ರ ಫೆಬ್ರವರಿಯದು. ಇನ್ನೊಂದು ವಿಚಿತ್ರ ಕೇಳಿ. ಸೆಂಟಿಗ್ರೇಡ್, ಫ್ಯಾರನ್‌ಹೀಟ್ ಎರಡೂ ಲೆಕ್ಕ ಒಂದೇ ಆಗುವುದು ಮೈನಸ್ 40ರಲ್ಲಂತೆ! ನಾವು ಶಾಲೆಯಲ್ಲಿ ಸೂತ್ರ ಬಾಯಿಪಾಠ ಮಾಡಿದ್ದೆವು, ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮಾರನೆಯ ಬೆಳಿಗ್ಗೆ ತುಂಬಿದ ಬಸುರಿ ಮಗಳು ಕಿಟಕಿಯ ಪರದೆ ಸರಿಸಿ, “ಅಮ್ಮಾ, ಅಲ್ನೋಡು, ನಮ್ಮ ಮರಸೇಬು” ಅಂದಳು. ನೋಡಿದರೆ ಸೊಂಟದೆತ್ತರ ಹಿಮ, ಅದರಲ್ಲಿ ನೆಟ್ಟ ಎರಡು ಒಣ ಕೋಲು.

ನಮ್ಮ ಕಡೆ ಪೇರಳೆ, ಪೇರು ಎಂದರೆ ಸೀಬೆಹಣ್ಣು. ಇದು ಅದಲ್ಲ. ಬೆಂಗಳೂರಿನ ಗಾಡಿಗಳಲ್ಲಿ ಗಟ್ಟಿಯಾದ, ಸ್ವಲ್ಪ ಮರಳು ಮರಳಾದ ಹಸಿರು ಹಣ್ಣು ಮಾರುತ್ತಾರಲ್ಲ, ಇಂಗ್ಲಿಷಿನಲ್ಲಿ ಪಿಯರ್ ಎನ್ನುವುದು, ಆ ಮರಸೇಬು. “ಈ ಹಿಮದಲ್ಲಿ ಹಣ್ಣಿನ ಮರವೇ? ಹುಚ್ಚು ಹಿಡಿದಿದೆಯಾ ನಿಮಗೆ?” ಎಂದೆ. ಮನಸ್ಸಿನಲ್ಲಿ ಇನ್ನೂ ಒಂದು ಅಂದುಕೊಂಡೆ: ಗಿಡವೇ ಬದುಕದ ಊರಲ್ಲಿ ಮಗುವನ್ನು ಹೇಗಪ್ಪಾ ಬೆಳೆಸುತ್ತಾರೆ?

ಹೆಚ್ಚು ಅಕ್ಕರೆಯಿಂದ ಸತ್ತ ಗಿಡ

ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ವಯಸ್ಸು ಎಂಬತ್ತು ದಾಟಿದೆ. ಅವರ ತಾತನ ಕಾಲದವರು ಉಕ್ರೇನಿನಿಂದ ಬಂದು ಇಲ್ಲಿ ಗೋಧಿ ಬೆಳೆದವರು. ನನ್ನ ಇಂಗ್ಲಿಷು ಅರ್ಧಂಬರ್ಧ, ಅವರಿಗೆ ಕಿವಿ ಅರ್ಧಂಬರ್ಧ. ಆದರೂ ಗಿಡದ ವಿಷಯ ಬಂದರೆ ಇಬ್ಬರಿಗೂ ಭಾಷೆ ಬೇಕಾಗುತ್ತಿರಲಿಲ್ಲ. ಮಗಳ ಬೇಲಿಗೆ ತಾಗಿದಂತೆ ಅವರ ಹಿತ್ತಲಲ್ಲೂ ಒಂದು ಹಳೆಯ ಮರಸೇಬು ಇದೆ. ಅದು ಮನೆಯ ಮಾಡಿಗಿಂತ ಎತ್ತರ!

ಮಾರ್ಚ್ ಮೂರನೇ ವಾರ ಮೊಮ್ಮಗಳು ಹುಟ್ಟಿದಳು. ಮೊದಲ ದಿನ ಸಾಂಬ್ರಾಣಿ ಹೊಗೆ ಹಾಕಿದ್ದೇ ತಡ, ಮಾಡಿನಲ್ಲಿದ್ದ ಯಂತ್ರ ಕಿಂಯ್ಯೆಂದು ಕೂಗಿ ಬೀದಿಗೆಲ್ಲ ಡಂಗುರ ಹೊಡೆಯಿತು. ಏನಾಯಿತೋ ಎಂದು ಅಜ್ಜಿ ಓಡಿ ಬಂದರು. ಹೀಗೆ ನಮ್ಮ ಸ್ನೇಹ ಬೆಳೆಯಿತು.

ಹಿಮ ಸ್ವಲ್ಪ ಇಳಿದ ಮೇಲೆ ಅಜ್ಜಿ ಮಗಳ ಗಿಡಗಳನ್ನು ನೋಡಿದರು. ಒಂದರ ತೊಗಟೆ ಉಗುರಿನಿಂದ ಕೆರೆದರೆ ಒಳಗೆ ಹಸಿರು. ಇನ್ನೊಂದು ಕಂದು, ಪೂರ್ತಿ ಸತ್ತಿತ್ತು. 2021ರಲ್ಲಿ ಎರಡನ್ನೂ ಒಟ್ಟಿಗೆ ನೆಟ್ಟದ್ದು. ಬದುಕಿದ್ದರ ಹೆಸರು ಯೂರ್. ಪಕ್ಕದ ಮನಿಟೋಬಾ ಪ್ರಾಂತದ ಮಾರ್ಡನ್ ಎಂಬಲ್ಲಿರುವ ಸರ್ಕಾರಿ ಸಂಶೋಧನಾ ಕೇಂದ್ರದವರು 1978ರಲ್ಲಿ ಕೊಟ್ಟ ತಳಿ. ಸತ್ತದ್ದು ಗೋಲ್ಡನ್ ಸ್ಪೈಸ್, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ್ದು, 1949ರದು. ಮರಸೇಬು ಒಂಟಿಯಾಗಿ ಕಾಯಿ ಕಚ್ಚುವುದಿಲ್ಲ. ಬೇರೆ ತಳಿಯ ಇನ್ನೊಂದು ಮರ ಹತ್ತಿರದಲ್ಲಿ ಅದೇ ಹೊತ್ತಿಗೆ ಹೂಬಿಡಬೇಕು, ಜೇನ್ನೊಣ ಅಲ್ಲಿಂದಿಲ್ಲಿಗೆ ಓಡಾಡಬೇಕು. ಅದಕ್ಕೇ ಎರಡು ನೆಟ್ಟಿದ್ದರು.

“ಸೆಪ್ಟೆಂಬರಿನಲ್ಲಿ ಇದಕ್ಕೆ ಏನು ಹಾಕಿದಿರಿ?” ಎಂದು ಅಜ್ಜಿ ಅಳಿಯನನ್ನು ಕೇಳಿದರು. ಅಳಿಯ ತಲೆ ಕೆರೆದುಕೊಂಡರು. ಆ ಗಿಡ ಸ್ವಲ್ಪ ಸೊರಗಿದೆ ಎಂದು ಕನಿಕರಪಟ್ಟು ಸೆಪ್ಟೆಂಬರ್ ಕೊನೆಯವರೆಗೂ ಗೊಬ್ಬರ ಹಾಕಿ, ದಿನಾ ನೀರು ಹೊಯ್ದಿದ್ದರಂತೆ. ಗಿಡ ಸಂತೋಷದಿಂದ ಚಿಗುರಿತು. ಎಳೆ ಚಿಗುರು ಬಲಿಯುವ ಮೊದಲೇ ಚಳಿ ಬಂತು. ಕಥೆ ಮುಗಿಯಿತು.

ಅಲ್ಲಿಯ ಕ್ರಮವೇ ಬೇರೆ. ಜುಲೈ ಮೊದಲ ವಾರದ ನಂತರ ಗೊಬ್ಬರ ಬಂದ್. ಆಗಸ್ಟ್ ಕಳೆಯುತ್ತಿದ್ದಂತೆ ನೀರೂ ಕಡಿಮೆ. ಗಿಡಕ್ಕೆ ‘ಇನ್ನು ಸಾಕು, ಮಲಗು’ ಎಂದು ಹೇಳಿದ ಹಾಗೆ. ಎಲೆ ಉದುರಿದ ಮೇಲೆ, ಅಕ್ಟೋಬರಿನಲ್ಲಿ ಮಣ್ಣು ಕಲ್ಲಾಗುವ ಮೊದಲು ಒಮ್ಮೆ ಬುಡ ತುಂಬಾ ನೀರುಣಿಸಬೇಕು. ಆರು ತಿಂಗಳು ಒಣಗಾಳಿ ತಡೆಯಲು ಅದೇ ಬುತ್ತಿ.

ಬದುಕಿದ ಯೂರ್ ಗಿಡದ ಕಾಂಡದಲ್ಲೂ ಒಂದು ಗಾಯವಿತ್ತು, ಒಂದೇ ಪಕ್ಕದಲ್ಲಿ ಉದ್ದಕ್ಕೆ ತೊಗಟೆ ಸೀಳಿ ಎದ್ದಿತ್ತು. ನಾನು ಸೂರ್ಯ ಎಲ್ಲಿದ್ದಾನೆಂದು ನೋಡಿದೆ. ನೈಋತ್ಯ ದಿಕ್ಕು! “ಇದು ಬಿಸಿಲು ಹೊಡೆದದ್ದು” ಎಂದೆ. ಅಳಿಯನಿಗೆ ಆಶ್ಚರ್ಯ. ಅಡಿಕೆ ತೋಟದವರಿಗೆ ಇದು ಹೊಸದೇ? ನಮ್ಮಲ್ಲಿ ಎಳೆಯ ಅಡಿಕೆ ಮರದ ನೈಋತ್ಯ ಪಕ್ಕಕ್ಕೆ ಸಂಜೆಯ ಬಿಸಿಲು ತಾಗಿ ಕಾಂಡ ಬಿರಿಯುತ್ತದೆಂದು ಸೋಗೆ ಕಟ್ಟುತ್ತೇವೆ, ಇಲ್ಲವೇ ಸುಣ್ಣ ಬಳಿಯುತ್ತೇವೆ. ಅಲ್ಲಿ ನಡೆಯುವುದು ಹೀಗೆ: ಚಳಿಗಾಲದ ಕೊನೆಯಲ್ಲಿ ಮಧ್ಯಾಹ್ನದ ಬಿಸಿಲು, ಹಿಮದ ಮೇಲೆ ಬಿದ್ದು ಪ್ರತಿಫಲಿಸಿದ ಬಿಸಿಲು ಎರಡೂ ಸೇರಿ ಆ ಪಕ್ಕದ ತೊಗಟೆಯನ್ನು ಬೆಚ್ಚಗೆ ಮಾಡುತ್ತವೆ. ಸೂರ್ಯ ಮುಳುಗಿದೊಡನೆ ಥಟ್ಟನೆ ಮೈನಸ್ ಇಪ್ಪತ್ತು. ಎಚ್ಚರಗೊಂಡ ತೊಗಟೆ ಸಾಯುತ್ತದೆ. ಅಲ್ಲಿಯವರ ಮದ್ದೂ ಬಿಳಿ ಬಣ್ಣವೇ! ಗೋಡೆಗೆ ಬಳಿಯುವ ಬಿಳಿ ಬಣ್ಣಕ್ಕೆ ಅಷ್ಟೇ ನೀರು ಬೆರೆಸಿ ಬಳಿಯುತ್ತಾರೆ, ಅಥವಾ ಬಿಳಿಯ ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಾರೆ. ಪಟ್ಟಿ ಸುತ್ತಿದರೆ ಇನ್ನೊಂದು ಲಾಭ. ಹಿಮದ ಅಡಿಯಲ್ಲಿ ಸುರಂಗ ಕೊರೆದು ಬರುವ ಇಲಿಗಳು, ಹಿಮದ ಮೇಲೆ ಕುಪ್ಪಳಿಸುವ ಮೊಲಗಳು ತೊಗಟೆ ತಿನ್ನುವುದು ತಪ್ಪುತ್ತದೆ. ಸುತ್ತಲೂ ಉಂಗುರದ ಹಾಗೆ ತಿಂದವೆಂದರೆ ಮರ ಹೋದಂತೆಯೇ. ಹಿಮ ಏರಿದಷ್ಟೂ ಮೊಲದ ಬಾಯಿ ಮೇಲಕ್ಕೆ ಎಟುಕುತ್ತದೆ, ಆದ್ದರಿಂದ ಪಟ್ಟಿ ಎತ್ತರಕ್ಕೇ ಸುತ್ತಬೇಕು.

ಹತ್ತು ಸಾವಿರ ಕಿಲೋಮೀಟರಿಗೂ ದೂರದಲ್ಲಿ ನನ್ನ ತೋಟದ ಬುದ್ಧಿ ಕೆಲಸಕ್ಕೆ ಬಂದದ್ದು ಕಂಡು ಆ ದಿನ ನನಗೆ ಎರಡು ತುತ್ತು ಹೆಚ್ಚೇ ಅನ್ನ ಸೇರಿತು.

ಹೂಜಿಯಲ್ಲಿ ಅರಳಿದ ಹೂ

ಯುಗಾದಿ ಏಪ್ರಿಲ್ 9ಕ್ಕೆ ಬಂತು. ಬೇವಿಲ್ಲ, ಮಾವಿನೆಲೆ ಇಲ್ಲ, ಹೊರಗೆ ಇನ್ನೂ ಹಿಮದ ಗುಡ್ಡೆ. ಮೂರು ವಾರ ಮೊದಲು ಅಜ್ಜಿ ತಮ್ಮ ಮರ ಸವರಿದಾಗ ಬಿದ್ದ ರೆಂಬೆಗಳಲ್ಲಿ ನಾಲ್ಕನ್ನು ನೀರಿನ ಹೂಜಿಯಲ್ಲಿಟ್ಟು ಕೊಟ್ಟಿದ್ದರು. ಮನೆಯೊಳಗಿನ ಬೆಚ್ಚಗೆಗೆ ಅವು ಮೋಸಹೋಗಿ, ಹಬ್ಬದ ಹೊತ್ತಿಗೆ ಸರಿಯಾಗಿ ಬೆಳ್ಳಗೆ ಅರಳಿದವು. ದೇವರ ಮುಂದೆ ಇಟ್ಟೆವು. ನೋಡಲು ಎಷ್ಟು ಚಂದ! ಆದರೆ ಬೇರಿಲ್ಲದ ಹೂ, ನಾಲ್ಕು ದಿನಕ್ಕೆ ಉದುರಿತು.

ಹಬ್ಬದೂಟಕ್ಕೆ ಅಳಿಯನ ಗೆಳೆಯರೊಬ್ಬರು ಕ್ಯಾಲ್ಗರಿಯಿಂದ ಬಂದಿದ್ದರು. ಅದು ಪಶ್ಚಿಮಕ್ಕೆ, ರಾಕಿ ಪರ್ವತಗಳ ಬುಡದಲ್ಲಿರುವ ಊರು. ಚಳಿ ಅಲ್ಲಿ ಸಸ್ಕಟೂನಿಗಿಂತ ಕಡಿಮೆ. ಆದರೂ ಹಣ್ಣಿನ ಮರ ಉಳಿಸುವುದು ಅಲ್ಲೇ ಕಷ್ಟವಂತೆ! ಕಾರಣ ಚಿನೂಕ್ ಎಂಬ ಗಾಳಿ. ನಡುಚಳಿಗಾಲದಲ್ಲಿ ಪರ್ವತದ ಆಚೆಯಿಂದ ಇಳಿದು ಬರುವ ಬೆಚ್ಚನೆಯ ಒಣಗಾಳಿ. ಕೆಲವೇ ಗಂಟೆಗಳಲ್ಲಿ ಇಪ್ಪತ್ತು ಡಿಗ್ರಿ ಏರಿ, ಹಿಮ ಕರಗಿ, ಜನ ಸ್ವೆಟರ್ ಬಿಚ್ಚಿ ಓಡಾಡುತ್ತಾರೆ. ಮರವೂ ವಸಂತ ಬಂತೆಂದು ಮೈ ಸಡಿಲಿಸುತ್ತದೆ. ಎರಡು ದಿನ ಬಿಟ್ಟು ಚಳಿ ಮರಳಿ ಬಂದಾಗ ಸಾಯುತ್ತದೆ.

ಹಾಗಾದರೆ ಗಟ್ಟಿ ಚಳಿಯಲ್ಲಿ ಮರ ಬದುಕುವುದು ಹೇಗೆ? ಬಾಟಲಿ ಒಡೆದ ಹಾಗೆ ಮರವೇಕೆ ಒಡೆಯುವುದಿಲ್ಲ? ಮಗಳು ಓದಿ ವಿವರಿಸಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಬೇಸಿಗೆ ಕಳೆದು ಹಗಲು ಚಿಕ್ಕದಾಗುವುದೇ ಮರಕ್ಕೆ ಸೂಚನೆ. ಅದು ಚಿಗುರುವುದನ್ನು ನಿಲ್ಲಿಸುತ್ತದೆ, ಎಲೆಯ ಸಾರವನ್ನು ಒಳಕ್ಕೆಳೆದುಕೊಂಡು ಎಲೆ ಉದುರಿಸುತ್ತದೆ. ಜೀವಕೋಶಗಳಲ್ಲಿ ಸಕ್ಕರೆ ತುಂಬಿಕೊಳ್ಳುತ್ತದೆ. ಸಕ್ಕರೆ ಪಾಕ ನೀರಿನಷ್ಟು ಸುಲಭವಾಗಿ ಹೆಪ್ಪುಗಟ್ಟುವುದಿಲ್ಲ ಎಂಬುದು ಗೃಹಿಣಿಯರಿಗೆ ಗೊತ್ತೇ ಇದೆ. ಆಮೇಲೆ ಜೀವಕೋಶದೊಳಗಿನ ನೀರು ಮೆಲ್ಲಗೆ ಹೊರಗಿನ ಸಂದಿಗಳಿಗೆ ಸರಿಯುತ್ತದೆ. ಅಲ್ಲಿ ಮಂಜುಗಡ್ಡೆಯಾದರೆ ಜೀವಕ್ಕೆ ಅಪಾಯವಿಲ್ಲ. ಕಾಂಡದ ಒಳಗೆ ಉಳಿದ ಸ್ವಲ್ಪ ನೀರು ಅಷ್ಟು ಚಳಿಯಲ್ಲೂ ಗಡ್ಡೆಕಟ್ಟದೆ ನೀರಾಗಿಯೇ ನಿಲ್ಲುತ್ತದೆ. ಅದರ ಮಿತಿಯೂ ಸುಮಾರು ಮೈನಸ್ 40. ಬೇರಿಗಂತೂ ಹಿಮವೇ ಕಂಬಳಿ. ಮೇಲೆ ಎಷ್ಟೇ ಚಳಿಯಿದ್ದರೂ ದಪ್ಪ ಹಿಮದಡಿಯ ಮಣ್ಣು ಅಷ್ಟು ತಣ್ಣಗಾಗುವುದಿಲ್ಲ.

ಇಷ್ಟೆಲ್ಲ ತಯಾರಿ ಒಂದೇ ರಾತ್ರಿಯಲ್ಲಿ ಆಗುವುದಿಲ್ಲ, ವಾರಗಟ್ಟಲೆ ಬೇಕು. ನಿಧಾನವಾಗಿ ಬಂದ ಚಳಿಯನ್ನು ಮರ ತಡೆಯುತ್ತದೆ. ನಡುವೆ ಬಂದು ಎಬ್ಬಿಸಿ ಹೋಗುವ ಬೆಚ್ಚಗೆಯನ್ನು ತಡೆಯುವುದಿಲ್ಲ. ಅಷ್ಟೇ ಅಲ್ಲ, ಮರಸೇಬಿನ ಹೆಚ್ಚಿನ ತಳಿಗಳಿಗೆ ಏಳು ಡಿಗ್ರಿಗಿಂತ ಕೆಳಗಿನ ಚಳಿ ಸುಮಾರು ಸಾವಿರ ಗಂಟೆ ಸಿಗದಿದ್ದರೆ ಹೂವೇ ಸರಿಯಾಗಿ ಬರುವುದಿಲ್ಲ. ಸಾಗರದಲ್ಲಿ ನೆಟ್ಟರೆ ಎಲೆ ಬಿಟ್ಟೀತು, ಹಣ್ಣು ಕೊಡಲಾರದು.

ಸೀರೆ ಉಟ್ಟ ಮರ

ಮೇ ತಿಂಗಳ ಮಧ್ಯದಲ್ಲಿ ಯೂರ್ ಗಿಡ ಮೊದಲ ಸಲ ಹೂಬಿಟ್ಟಿತು. ಬೇಲಿಯಾಚೆ ಅಜ್ಜಿಯ ಮರವೂ ಅರಳಿತು. ಜೋಡಿ ಗಿಡ ಸತ್ತರೂ ಪಕ್ಕದ ಮನೆಯ ಮರ ಕೈಹಿಡಿಯಿತು ಎಂದು ಮಗಳು ಕುಣಿದಾಡಿದಳು. ನಾಲ್ಕನೆಯ ದಿನ ಸಂಜೆ ರೇಡಿಯೋದಲ್ಲಿ ಬಂತು, ಆ ರಾತ್ರಿ ಮೈನಸ್ ಮೂರು.

ಮಲಗಿದ ಮರ ಮೈನಸ್ ನಲವತ್ತಕ್ಕೆ ಹೆದರುವುದಿಲ್ಲ, ಅರಳಿದ ಹೂ ಮೈನಸ್ ಎರಡಕ್ಕೇ ಹೆದರುತ್ತದೆ! ಮೈನಸ್ ನಾಲ್ಕಕ್ಕೆ ಹೋದರೆ ಬಹುಪಾಲು ಹೂ ಕಪ್ಪಾಗುತ್ತದೆ. ಅಜ್ಜಿ ಬೇಲಿಯ ಮೇಲಿಂದ ಕೂಗಿ ಹೇಳಿದರು: ಬುಡಕ್ಕೆ ಈಗಲೇ ನೀರು ಹೊಯ್ಯಿರಿ, ಒದ್ದೆ ಮಣ್ಣು ರಾತ್ರಿ ಶಾಖ ಬಿಡುತ್ತದೆ. ಬಟ್ಟೆ ಹೊದಿಸಿ, ಪ್ಲಾಸ್ಟಿಕ್ ಬೇಡ. ಬಟ್ಟೆ ನೆಲ ಮುಟ್ಟಬೇಕು, ಆಗ ನೆಲದ ಬಿಸಿ ಒಳಗೇ ನಿಲ್ಲುತ್ತದೆ. ಬೆಳಿಗ್ಗೆ ಬಿಸಿಲು ಬಂದೊಡನೆ ತೆಗೆಯಿರಿ.

ಮಗಳ ಮನೆಯಲ್ಲಿ ಹೊದಿಕೆ ಸಾಲಲಿಲ್ಲ. ನನ್ನ ಪೆಟ್ಟಿಗೆ ತೆಗೆದೆ. ನಾಲ್ಕು ನೂಲಿನ ಸೀರೆಗಳು ಒಂದಕ್ಕೊಂದು ಪಿನ್ನು ಹಾಕಿ ಸುತ್ತಿದವು. ಇಳಕಲ್ಲಿನ ಕೆಂಪು ಸೆರಗು ಹೊದ್ದು ಆ ಮರ ಮದುವಣಗಿತ್ತಿಯ ಹಾಗೆ ನಿಂತಿತು. ಅಳಿಯ ಫೋಟೋ ತೆಗೆದದ್ದೇ ತೆಗೆದದ್ದು.

ರಾತ್ರಿ ಎರಡು ಗಂಟೆಗೆ ಮಗು ಎದ್ದಿತು. ಮಗಳು ಹಾಲು ಕೊಡುತ್ತಾ ಕಿಟಕಿಯ ಹತ್ತಿರ ಕುಳಿತಿದ್ದಳು. ನಾನೂ ಪಕ್ಕದಲ್ಲಿ ಕುಳಿತೆ. ಇದೇ ಹೊತ್ತು, ಕೇಳಿಬಿಡೋಣ ಎಂದುಕೊಂಡು ಗಂಟಲು ಸರಿ ಮಾಡಿಕೊಂಡೆ. ಅಷ್ಟರಲ್ಲಿ ಅವಳೇ ಮಾತು ತೆಗೆದಳು.

“ಅಮ್ಮಾ, ನಾನು ಬಂದ ಮೊದಲ ವರ್ಷ ನೀನು ದಿನಕ್ಕೆ ನಾಲ್ಕು ಸಲ ಫೋನ್ ಮಾಡ್ತಿದ್ದೆಯಲ್ಲ, ನೆನಪಿದೆಯಾ? ‘ಸಾಕು ಬಂದುಬಿಡು, ತೊಡದೇವು ಮಾಡಿಟ್ಟಿದೀನಿ, ನಿನ್ನ ಕೋಣೆ ಹಾಗೇ ಇದೆ’ ಅಂತ. ಫೋನ್ ಇಟ್ಟ ಮೇಲೆ ಎರಡು ದಿನ ನಂಗೆ ಇಲ್ಲಿಯದು ಏನೂ ಬೇಡ. ಕೆಲಸ ಹುಡುಕೋದು ಬೇಡ, ಯಾರ ಜೊತೆಗೂ ಮಾತು ಬೇಡ. ಪೆಟ್ಟಿಗೆ ಕಟ್ಟೋಣ ಅನ್ಸೋದು. ಆಮೇಲೆ ಮತ್ತೆ ಅದೇ ಕತ್ತಲೆ, ಅದೇ ಚಳಿ, ಮೊದಲಿಗಿಂತ ಜಾಸ್ತಿ. ಯುಗಾದಿ ದಿನ ಅವರು ಆ ಬಿಸಿಗಾಳಿ ಕಥೆ ಹೇಳಿದರಲ್ಲ, ನಂಗೆ ನಿನ್ನ ಫೋನೇ ನೆನಪಾಯ್ತು. ಬೇಜಾರು ಮಾಡ್ಕೋಬೇಡ.”

ಬೇಜಾರಾಗದೆ ಇರುತ್ತದೆಯೇ, ನೀವೇ ಹೇಳಿ. ಪ್ರೀತಿಯಿಂದ ಮಾಡಿದ ಫೋನು. ಅವಳು ಅತ್ತರೆ ಇಲ್ಲಿ ನಾನು ಅನ್ನ ಬಿಟ್ಟಿದ್ದೇನೆ. ಆದರೆ ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ನಾಟಿತು. ನಾನು ಏನೂ ಹೇಳದೆ ಮಗುವನ್ನು ಎತ್ತಿಕೊಂಡು ಬೆನ್ನು ತಟ್ಟಿದೆ. ಯಜಮಾನರ ಪ್ರಶ್ನೆ ಗಂಟಲಲ್ಲೇ ಉಳಿಯಿತು.

ಬೆಳಗಾಗುವಾಗ ಹುಲ್ಲಿನ ಮೇಲೆಲ್ಲ ಉಪ್ಪು ಚೆಲ್ಲಿದ ಹಾಗೆ ಇಬ್ಬನಿ ಗಟ್ಟಿಯಾಗಿತ್ತು. ಸೀರೆ ಬಿಚ್ಚಿದೆವು. ತುದಿಯ ಒಂದಷ್ಟು ಹೂ ಕಂದಾಗಿತ್ತು. ಒಳಗಿನವು ಬೆಳ್ಳಗೆ ನಗುತ್ತಿದ್ದವು.

ರಷ್ಯದಿಂದ ಬಂದ ಬೀಜ

ಜೂನಿನಲ್ಲಿ ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಊರಿನ ಫಾರೆಸ್ಟ್ರಿ ಫಾರ್ಮ್ ಪಾರ್ಕಿಗೆ ಹೋದೆವು. ಈಗ ಅಲ್ಲಿ ಪ್ರಾಣಿಸಂಗ್ರಹಾಲಯವಿದೆ. 1913ರಲ್ಲಿ ಅದು ಶುರುವಾದದ್ದು ಸಸಿ ಬೆಳೆಸುವ ಸರ್ಕಾರಿ ತೋಟವಾಗಿ. ಮರವೇ ಇಲ್ಲದ ಹುಲ್ಲುಗಾವಲಿಗೆ ಬಂದ ರೈತರಿಗೆ ಗಾಳಿ ತಡೆಯಲು ಮರಸಾಲು ಬೇಕಿತ್ತು. ಕೋಟ್ಯಂತರ ಸಸಿಗಳು ಇಲ್ಲಿಂದ ಹೋದವು. ಇಂದಿಗೂ ಅಲ್ಲಿ ಹಣ್ಣಿನ ಗಿಡ ಹಾಕುವವರು ಮೊದಲು ಗಾಳಿಗೆ ಬೇಲಿ ಬೆಳೆಸುತ್ತಾರೆ, ಆಮೇಲೆ ಗಿಡ ನೆಡುತ್ತಾರೆ.

ಹಣ್ಣಿನ ಕಥೆ ಅದಕ್ಕಿಂತ ಹಳೆಯದು. 1886ರಲ್ಲಿ ಕೆನಡಾದ ಸರ್ಕಾರಿ ಪ್ರಯೋಗ ಕ್ಷೇತ್ರಗಳಿಗೆ ವಿಲಿಯಂ ಸಾಂಡರ್ಸ್ ಎಂಬವರು ಮೊದಲ ಮುಖ್ಯಸ್ಥರಾದರು. ಬಯಲುಸೀಮೆಯಲ್ಲಿ ಯುರೋಪಿನ, ಪೂರ್ವ ಕೆನಡಾದ ಸೇಬಿನ ಗಿಡಗಳನ್ನು ತಂದು ನೆಟ್ಟು ನೋಡಿದರು. ಚಳಿಗೆ ಹೆಚ್ಚುಕಡಿಮೆ ಎಲ್ಲವೂ ಸತ್ತವು. ಅವರು 1887ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ಸಸ್ಯತೋಟದಿಂದ ಸೈಬೀರಿಯದ ಕಾಡುಸೇಬಿನ ಬೀಜ ತರಿಸಿದರು. ಅದರ ಹಣ್ಣು ಬಟಾಣಿಯಷ್ಟು, ಬಾಯಿಗಿಟ್ಟರೆ ಒಗರು. ಆದರೆ ಎಂಥ ಚಳಿಗೂ ಜಗ್ಗದ ಮರ. 1894ರಿಂದ ಅದಕ್ಕೂ ಸಿಹಿ ಸೇಬಿಗೂ ಸಂಕರ ಮಾಡತೊಡಗಿದರು. ಹುಟ್ಟಿದ ಮಕ್ಕಳು ಕಾಡುಸೇಬಿಗಿಂತ ದೊಡ್ಡವು, ಸಿಹಿ ಸೇಬಿಗಿಂತ ಗಟ್ಟಿಗರು. ಅವನ್ನು ಮತ್ತೆ ಮತ್ತೆ ಕೂಡಿಸಿ, ಆರಿಸಿ, ಈಗ ಕೈತುಂಬುವ ಸೇಬು ಆ ಚಳಿಯಲ್ಲೇ ಬರುತ್ತದೆ.

ಮರಸೇಬಿನದೂ ಹೀಗೆಯೇ. ಚೀನಾ ರಷ್ಯಗಳ ಗಡಿಯಲ್ಲಿ ಉಸ್ಸೂರಿ ಎಂಬ ನದಿಯಿದೆ. ಆ ಸೀಮೆಯ ಕಾಡು ಮರಸೇಬು ಪ್ರಪಂಚದ ಮರಸೇಬುಗಳಲ್ಲೆಲ್ಲ ಚಳಿಗೆ ಗಟ್ಟಿ. ಯೂರ್ ತಳಿಯಲ್ಲಿ ಇರುವುದು ಅದರ ರಕ್ತ ಮತ್ತು ಬಾರ್ಟ್ಲೆಟ್ ಎಂಬ ಸಿಹಿ ಮರಸೇಬಿನ ರಕ್ತ. ಕಸಿ ಕಟ್ಟುವಾಗ ಬುಡಕ್ಕೂ ಉಸ್ಸೂರಿ ಸಸಿಯನ್ನೇ ಬಳಸುತ್ತಾರೆ. ಮೇಲೆ ಎಂಥ ಒಳ್ಳೆಯ ತಳಿ ಇದ್ದರೂ ಬೇರು ಆ ಮಣ್ಣಿನ ಚಳಿಗೆ ಒಗ್ಗಿದ್ದಾಗಿರಬೇಕು. ಅದಿಲ್ಲದೆ ದೊಡ್ಡ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಗಿಡ ತಂದು ನೆಟ್ಟು ಅಳುವವರು ಅಲ್ಲಿಯೂ ಬಹಳ ಮಂದಿ.

ಆ ಸಸಿತೋಟದ ಮೇಲ್ವಿಚಾರಕರಾಗಿದ್ದ ಲೆಸ್ ಕೆರ್ ಎಂಬವರು 1940ರ ದಶಕದಲ್ಲಿ ಸೈಬೀರಿಯದ ಕುಳ್ಳ ಚೆರ್ರಿಗೂ ಯುರೋಪಿನ ಹುಳಿ ಚೆರ್ರಿಗೂ ಸಂಕರ ಮಾಡಿದ್ದರು. ಆ ಕೆಲಸವನ್ನು ಸಸ್ಕಚೆವಾನ್ ವಿಶ್ವವಿದ್ಯಾಲಯದವರು ಮುಂದುವರಿಸಿ ಕಾರ್ಮೈನ್ ಜ್ಯೂವೆಲ್ ಎಂಬ ತಳಿ ಬಿಡುಗಡೆ ಮಾಡಿದ್ದು 1999ರಲ್ಲಿ. ಲೆಕ್ಕ ಹಾಕಿ, ಐವತ್ತಕ್ಕೂ ಹೆಚ್ಚು ವರ್ಷ! ಒಬ್ಬರು ಬೀಜ ಹಾಕಿದರು, ಹಣ್ಣು ಕಂಡವರು ಬೇರೆಯವರು.

ಬೇಸಿಗೆಯ ಬುಟ್ಟಿ

ಆ ಊರಿನ ಬೇಸಿಗೆ ಚಿಕ್ಕದು. ಮೇ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ, ಹೆಚ್ಚೆಂದರೆ ನಾಲ್ಕು ತಿಂಗಳು ಹಿಮಗಟ್ಟದ ದಿನ. ವರ್ಷವಿಡೀ ಬೀಳುವ ಮಳೆ ಹಿಮ ಸೇರಿ ಸುಮಾರು 350 ಮಿಲಿಮೀಟರ್. ನಮ್ಮಲ್ಲಿ ಆಷಾಢದ ಒಂದು ಜೋರು ವಾರದ ಮಳೆ. ಆದರೆ ಹಗಲು ಎಷ್ಟು ಉದ್ದ! ಜೂನಿನಲ್ಲಿ ರಾತ್ರಿ ಒಂಬತ್ತೂವರೆಗೆ ಸೂರ್ಯ ಮುಳುಗುತ್ತಾನೆ. ಗಿಡಗಳು ಹಗಲು ಸಾಲದೆಂಬಂತೆ ಓಡಿ ಓಡಿ ಬೆಳೆಯುತ್ತವೆ.

ಮೊದಲು ಬರುವುದು ಹಾಸ್ಕಪ್. ಉದ್ದನೆಯ ನೀಲಿ ಹಣ್ಣು, ನೇರಳೆಯ ಹಾಗೆ ನಾಲಿಗೆಗೆ ಬಣ್ಣ. ಅದರ ಹೂ ಮೈನಸ್ ಏಳಕ್ಕೂ ಬಾಡುವುದಿಲ್ಲವಂತೆ. ಜುಲೈಯಲ್ಲಿ ಸಸ್ಕಟೂನ್ ಹಣ್ಣು. ಮೂಲನಿವಾಸಿ ಕ್ರೀ ಜನರು ಆ ಕಾಡುಹಣ್ಣಿಗೆ ಇಟ್ಟ ಹೆಸರೇ ಊರಿಗೆ ಬಂದದ್ದು. ಆಮೇಲೆ ಹುಳಿ ಚೆರ್ರಿ. ಅದರಲ್ಲಿ ನಾನು ಬೆಲ್ಲ, ಮೆಣಸಿನಪುಡಿ, ಎಳ್ಳುಪುಡಿ ಹಾಕಿ ಗೊಜ್ಜು ಮಾಡಿದೆ. ಅಜ್ಜಿ ಬ್ರೆಡ್ಡಿಗೆ ಹಚ್ಚಿಕೊಂಡು ತಿಂದು ಇನ್ನೊಂದು ಡಬ್ಬಿ ಕೇಳಿದರು.

ಅಜ್ಜಿಯ ಹಿತ್ತಲಿನ ಕಾಡುಸೇಬಿನ ಎಳೆಗಾಯಿ ನೋಡಿದಾಗ ನನಗೆ ತಡೆಯಲಾಗಲಿಲ್ಲ. ಅದೇ ಹುಳಿ, ಅದೇ ಒಗರು, ಅಪ್ಪೆಮಿಡಿಯ ತಮ್ಮ! ಎರಡು ಹೋಳು ಮಾಡಿ ಬೀಜ ಪೂರ್ತಿ ತೆಗೆದು (ಸೇಬಿನ ಬೀಜ ಒಳ್ಳೆಯದಲ್ಲ), ನಾಲ್ಕು ಪಾವು ಹೋಳಿಗೆ ಒಂದು ಪಾವು ಹರಳುಪ್ಪು ಬೆರೆಸಿ ಭರಣಿಯಲ್ಲಿ ಒಂದು ವಾರ ಇಟ್ಟೆ, ದಿನಾ ಒಮ್ಮೆ ಕುಲುಕಿದೆ. ಹೋಳು ಸುಕ್ಕಾದ ಮೇಲೆ, ಬಿಟ್ಟುಕೊಂಡ ಉಪ್ಪುನೀರು ಕುದಿಸಿ ಆರಿಸಿ, ಅದರಲ್ಲೇ ಸಾಸಿವೆ, ಒಣಮೆಣಸು, ಅರಿಸಿನ ರುಬ್ಬಿ ಬೆರೆಸಿದೆ. ಹದಿನೈದು ದಿನಕ್ಕೆ ಹದವಾಯಿತು.

ಆ ಹೋಳು ಮಾಡುವಾಗಲೇ ಮಗಳು ಕೇಳಿದಳು. “ಅಪ್ಪ ಏನಾದ್ರೂ ಹೇಳಿ ಕಳಿಸಿದ್ರಾ ಅಮ್ಮಾ? ಬಂದಾಗಿನಿಂದ ನಿನ್ನ ಮುಖದಲ್ಲಿ ಏನೋ ಇದೆ.” ಹೇಳಿದೆ. ತೋಟದ ಸ್ಥಿತಿ, ಅಪ್ಪನ ಕಾಲು, ಎಲ್ಲವನ್ನೂ ಹೇಳಿದೆ. ಬಾ ಎಂದು ಮಾತ್ರ ಹೇಳಲಿಲ್ಲ. ಅವಳು ಸ್ವಲ್ಪ ಹೊತ್ತು ಕಾಯಿ ಹೆಚ್ಚಿದಳು. “ಮುಂದೆಂದಾದರೂ ಬರ್ತೀವೋ ಏನೋ ನಂಗೇ ಗೊತ್ತಿಲ್ಲ. ಸುಳ್ಳು ಆಸೆ ಕೊಡೋಕೆ ಮನಸ್ಸಿಲ್ಲ. ನಮಗೋಸ್ಕರ ತೋಟ ಕಾಯಿಸಬೇಡಿ. ಅಪ್ಪನ ಕಾಲು ನೋಡ್ಕೊಳ್ಳಿ” ಅಂದಳು. ಇಬ್ಬರ ಕಣ್ಣಲ್ಲೂ ನೀರು. ಒಂದು ಪಾವು ಕಾಯಿಗೆ ಉಪ್ಪು ಬೇಕಾಗಲಿಲ್ಲ ಎಂದು ಆಮೇಲೆ ನಾವೇ ನಕ್ಕೆವು.

ಗಿಡದಲ್ಲಿ ಹನ್ನೊಂದು ಕಾಯಿ ನಿಂತಿದ್ದವು. ದಿನಾ ಎಣಿಸುತ್ತಿದ್ದೆ. ಮರಸೇಬನ್ನು ಮರದಲ್ಲೇ ಹಣ್ಣಾಗಲು ಬಿಡಬಾರದೆಂದು ಅಜ್ಜಿ ಹೇಳಿಕೊಟ್ಟರು. ಅದು ಒಳಗಿನಿಂದ ಹೊರಕ್ಕೆ ಮಾಗುತ್ತದೆ. ಹೊರಗೆ ಹದವಾಗಿ ಕಾಣುವಾಗ ಒಳಗೆ ಕಂದಾಗಿ ಕೊಳೆತಿರುತ್ತದೆ. ಕಾಯಿಯನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆತ್ತಬೇಕು. ತೊಟ್ಟು ತಾನಾಗಿ ಬಿಟ್ಟರೆ ಕೊಯ್ಯುವ ಹೊತ್ತು. ಮನೆಯೊಳಗಿಟ್ಟರೆ ಕೆಲವು ದಿನಕ್ಕೆ ಹಣ್ಣು. ನಾನು ಹೊರಡುವ ದಿನ, ಆಗಸ್ಟ್ 28ರಂದು, ಒಂದನ್ನು ಎತ್ತಿ ನೋಡಿದೆ. ತೊಟ್ಟು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಗೌರಿ ಹಬ್ಬಕ್ಕೆ ಮನೆಯಲ್ಲಿರಬೇಕಿತ್ತು, ವೀಸಾದ ಆರು ತಿಂಗಳೂ ಮುಗಿಯುತ್ತಾ ಬಂದಿತ್ತು. ಹಣ್ಣಿನ ರುಚಿ ನೋಡದೆಯೇ ಬಂದೆ. ಅಜ್ಜಿ ಹಿಂದಿನ ವರ್ಷ ಪಾಕದಲ್ಲಿ ಕುದಿಸಿ ಬಾಟಲಿಗೆ ತುಂಬಿದ್ದ ತಮ್ಮ ಮರದ ಹೋಳು ನಾಲ್ಕು ತಿಂದಿದ್ದೆ, ಅಷ್ಟೇ.

ಊರಿಗೆ ಬಂದು ಯಜಮಾನರಿಗೆ ಮಗಳ ಮಾತನ್ನು ಇದ್ದ ಹಾಗೆ ಹೇಳಿದೆ. ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ತಮ್ಮ ಅಣ್ಣನ ಮಗನನ್ನು ಕರೆಸಿ, ಕೆಳಗಿನ ಒಂದೂವರೆ ಎಕರೆ ನೋಡಿಕೊಳ್ಳಲು ಒಪ್ಪಿಸಿದರು. ಮೇಲಿನ ಒಂದೆಕರೆ ನಮ್ಮ ಕೈಯಲ್ಲೇ ಇದೆ, ಅದಕ್ಕೆ ದಿಬ್ಬ ಇಳಿಯುವ ಕೆಲಸವಿಲ್ಲ.

ಗಣೇಶನ ಹಬ್ಬದ ರಾತ್ರಿ ಮಗಳ ಫೋನು ಬಂತು. ಅಲ್ಲಿ ಬೆಳಿಗ್ಗೆ. ಗಣಪತಿಯ ಮುಂದೆ ಬೆಳ್ಳಿ ತಟ್ಟೆಯಲ್ಲಿ ಹನ್ನೊಂದು ಮರಸೇಬು, ಹಸಿರು ಹೋಗಿ ಹಳದಿಗೆ ತಿರುಗಿದ್ದವು, ಒಂದೊಂದೂ ನಿಂಬೆಗಿಂತ ಸ್ವಲ್ಪ ದೊಡ್ಡದು. ನಮ್ಮೆದುರಿಗೇ ಒಂದನ್ನು ಹೆಚ್ಚಿದಳು, ರಸ ಬೆರಳ ಮೇಲೆ ಇಳಿಯುವುದು ಫೋನಿನಲ್ಲೂ ಕಂಡಿತು. ಒಂದು ಹೋಳನ್ನು ಮಗುವಿನ ತುಟಿಗೆ ತಾಗಿಸಿದಳು. ಮಗು ಚೀಪಿ, ಮುಖ ಕಿವುಚಿ, ಮತ್ತೆ ಬಾಯಿ ತೆರೆಯಿತು.

“ಹೇಗಿದೆಯೇ?” ಎಂದು ಯಜಮಾನರು ನನ್ನ ಹೆಗಲ ಮೇಲಿಂದ ಬಗ್ಗಿ ಕೇಳಿದರು.

“ಸಿಹಿ ಇದೆ ಅಪ್ಪಾ. ಸಿಪ್ಪೆ ಮಾತ್ರ ಸ್ವಲ್ಪ ಒಗರು” ಅಂದಳು.

ಈಗ ನಾನು ಫೋನ್ ಮಾಡುವುದು ಭಾನುವಾರ ಒಂದು ದಿನ. ಉಳಿದ ದಿನ ಅವಳೇ ಮಾಡಿದರೆ ಮಾತಾಡುತ್ತೇನೆ. ಬಾ ಎನ್ನುವ ಮಾತು ಬಾಯಿಗೆ ಬಂದಾಗ, ಈ ವಾರ ಅಲ್ಲಿ ಎಷ್ಟು ಡಿಗ್ರಿ, ಮರಕ್ಕೆ ಪಟ್ಟಿ ಸುತ್ತಿದಿರಾ ಎಂದು ಕೇಳುತ್ತೇನೆ. ಸತ್ತ ಗಿಡದ ಜಾಗಕ್ಕೆ ಇನ್ನೊಂದು ತಂದಿದ್ದಾರಂತೆ. ಸೆಪ್ಟೆಂಬರಿನಲ್ಲಿ ಅದಕ್ಕೆ ಗೊಬ್ಬರ ಹಾಕಬೇಡಿ ಎಂದು ಅಳಿಯನಿಗೆ ಎರಡು ಸಲ ನೆನಪಿಸಿದ್ದೇನೆ.